ಹಾಲುಹಲ್ಲು ನುಡಿದ ಸಾಕ್ಷ್ಯ

ಮಗುವಿನ ಮೊದಲ ಹಾಲುಹಲ್ಲು ಉದುರಿದ ದಿನ ಮನೆಯಲ್ಲಿ ಸಣ್ಣದೊಂದು ಸಂಭ್ರಮ. ಆ ಹಲ್ಲನ್ನು ಸಗಣಿಯ ಉಂಡೆಯೊಳಗೆ ಹುದುಗಿಸಿ ಹಂಚಿನ ಮಾಡಿನ ಮೇಲಕ್ಕೆ ಎಸೆಯಿಸುವುದು ಕನ್ನಡನಾಡಿನ ಹಳೆಯ ವಾಡಿಕೆ. ಹೊಸ ಹಲ್ಲು ಗಟ್ಟಿಯಾಗಿ, ಸಾಲಾಗಿ ಬರಲೆಂಬ ಆಶಯ ಅದರ ಹಿಂದೆ. ಅಮೆರಿಕದ ಮಕ್ಕಳು ಅದನ್ನು ದಿಂಬಿನ ಕೆಳಗಿಟ್ಟು ಮಲಗುತ್ತಾರೆ. ರಾತ್ರಿ ಯಕ್ಷಿಣಿಯೊಬ್ಬಳು ಬಂದು ಹಲ್ಲನ್ನು ಒಯ್ದು, ಅದರ ಜಾಗದಲ್ಲಿ ಕಾಸನ್ನಿಟ್ಟು ಹೋಗುವಳಂತೆ. ಆದರೆ 1970ರ ದಶಕದಲ್ಲಿ ಬಾಸ್ಟನ್ ಮಹಾನಗರದ ಮಗ್ಗುಲಿನ ಚೆಲ್ಸಿ ಮತ್ತು ಸಾಮರ್ವಿಲ್ ಎಂಬ ಊರುಗಳ ಎರಡು ಸಾವಿರಕ್ಕೂ ಮಿಕ್ಕ ಮಕ್ಕಳ ಹಲ್ಲುಗಳು ಯಕ್ಷಿಣಿಯ ಪಾಲಾಗಲಿಲ್ಲ. ಒಂದನೆಯ, ಎರಡನೆಯ ತರಗತಿಯ ಆ ಮಕ್ಕಳು ಅವನ್ನು ತಂದು ಶಾಲೆಯಲ್ಲಿ ಕೊಟ್ಟರು. ಅಲ್ಲಿಂದ ಅವು ಡಾಕ್ಟರ್ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರ ಪ್ರಯೋಗಶಾಲೆಯನ್ನು ಸೇರಿದವು. ಬೀದಿಯ ಗಾಳಿಯಲ್ಲಿದ್ದ ವಿಷವೊಂದು ಮಕ್ಕಳ ಬುದ್ಧಿಯನ್ನು ಎಷ್ಟರಮಟ್ಟಿಗೆ ಕೊರೆದಿತ್ತೆಂಬ ಸಂಗತಿಗೆ ಗಟ್ಟಿಯಾದ ಸಾಕ್ಷ್ಯ ದೊರೆತದ್ದು ಈ ಹಲ್ಲುಗಳಿಂದ.

ಆ ವಿಷ ಸೀಸ. ಹೆಸರು ಕೇಳಿದೊಡನೆ ಹಿರಿಯರಿಗೆ ಸೀಸದ ಕಡ್ಡಿಯ ನೆನಪಾಗಬಹುದು. ಸೋಜಿಗವೆಂದರೆ ಸೀಸದ ಕಡ್ಡಿಯಲ್ಲಿ ಸೀಸವೇ ಇಲ್ಲ. ಅದರೊಳಗಿರುವುದು ಗ್ರಾಫೈಟ್ ಎಂಬ, ಇದ್ದಿಲಿಗೆ ಬಂಧುವಾದ ವಸ್ತು. ಕಡ್ಡಿಯ ಮೇಲೆ ಬಳಿದ ಬಣ್ಣದ ಮಾತು ಬೇರೆ. ಇಲ್ಲಿ ಹೇಳಹೊರಟಿರುವುದು ಪೆಟ್ರೋಲಿನಲ್ಲಿ ಬೆರೆತು, ಮೋಟಾರುಗಳ ಹೊಗೆಕೊಳವೆಯಿಂದ ಹೊರಬಿದ್ದು, ಮುಕ್ಕಾಲು ಶತಮಾನದಷ್ಟು ಕಾಲ ಭೂಮಂಡಲದ ದೊಡ್ಡ ಊರುಗಳ ಗಾಳಿಯನ್ನು ತುಂಬಿದ್ದ ಸೀಸದ ಕಥೆ.

1920ರ ಸುಮಾರಿನ ಮೋಟಾರು ಇಂಜಿನುಗಳಿಗೆ ಒಂದು ವ್ಯಾಧಿಯಿತ್ತು. ಏರು ಹತ್ತುವಾಗ ಸಿಲಿಂಡರಿನೊಳಗಿನ ಪೆಟ್ರೋಲು ಹೊತ್ತು ತಪ್ಪಿ ಉರಿದು, ಸುತ್ತಿಗೆಯಿಂದ ಬಡಿದಂತೆ ಟಣಟಣ ಸದ್ದಾಗುತ್ತಿತ್ತು. ಇಂಜಿನಿನ ಬಲ ಉಡುಗುತ್ತಿತ್ತು. ಇದಕ್ಕೆ ಮದ್ದು ಹುಡುಕುವ ಕೆಲಸ ಅಮೆರಿಕದ ಡೇಟನ್ ಪಟ್ಟಣದಲ್ಲಿದ್ದ ಜನರಲ್ ಮೋಟರ್ಸ್ ಕಂಪೆನಿಯ ಪ್ರಯೋಗಶಾಲೆಯ ಥಾಮಸ್ ಮಿಡ್ಗ್ಲೆ ಎಂಬ ಇಂಜಿನಿಯರನ ಪಾಲಿಗೆ ಬಂತು. ಆತ ಒಂದಾದ ಮೇಲೊಂದು ವಸ್ತುವನ್ನು ಬೆರೆಸಿ ನೋಡಿದ. ಟೆಲ್ಲೂರಿಯಂ ಎಂಬ ಧಾತು ಕೆಲಸವನ್ನೇನೋ ಮಾಡಿತು. ಆದರೆ ಅದರ ಬೆಳ್ಳುಳ್ಳಿಯಂತಹ ನಾತ ಮೈಗೆ ಅಂಟಿದರೆ ಬಿಡುತ್ತಿರಲಿಲ್ಲ. ಕಡೆಗೆ 1921ರ ಡಿಸೆಂಬರಿನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ದ್ರವ ಸಿಕ್ಕಿತು. ಒಂದು ಗ್ಯಾಲನ್ ಪೆಟ್ರೋಲಿಗೆ ಸಣ್ಣ ಚಮಚೆಯಷ್ಟೂ ಬೇಡ, ಬಡಿತ ಮಾಯ. 1923ರ ಫೆಬ್ರವರಿಯಲ್ಲಿ ಡೇಟನ್ನಿನಲ್ಲಿಯೇ ಮಾರಾಟ ಮೊದಲಾಯಿತು. ಹೆಸರು ‘ಎಥಿಲ್’ ಎಂದು. ಸೀಸವೆಂಬ ಮಾತು ಆ ಹೆಸರಿನಲ್ಲಿ ಎಲ್ಲಿಯೂ ಸುಳಿಯದಂತೆ ಕಂಪೆನಿ ಎಚ್ಚರ ವಹಿಸಿತ್ತು.

ಮದ್ಯಸಾರವನ್ನು ಬೆರೆಸಿದರೂ ಬಡಿತ ನಿಲ್ಲುತ್ತದೆಂಬುದು ಮಿಡ್ಗ್ಲೆಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಮದ್ಯಸಾರವನ್ನು ಯಾರು ಬೇಕಾದರೂ ಬಟ್ಟಿಯಿಳಿಸಬಹುದು. ಅದರ ಮೇಲೆ ಒಬ್ಬರಿಗೇ ಹಕ್ಕು ಸಿಗುವಂತಿಲ್ಲ. ಸೀಸದ ದ್ರವಕ್ಕಾದರೋ ಪೇಟೆಂಟು ಸಿಗುತ್ತಿತ್ತು. ಭಾರತದ ಪೆಟ್ರೋಲಿನಲ್ಲಿ ಮದ್ಯಸಾರದ ಪಾಲು 2025ರಲ್ಲಿ ನೂರಕ್ಕೆ 20ರಷ್ಟಾಯಿತೆಂಬುದನ್ನು ನೆನೆದರೆ, ಬಿಟ್ಟುಹೋದ ಆ ದಾರಿ ನಡೆಯಲಾರದ ದಾರಿಯೇನೂ ಆಗಿರಲಿಲ್ಲವೆಂದು ತೋರುತ್ತದೆ.

ಸೀಸವು ವಿಷವೆಂಬುದು ರೋಮನರ ಕಾಲದಿಂದ ತಿಳಿದದ್ದೇ. ಈ ದ್ರವರೂಪದ ಸೀಸವಂತೂ ಚರ್ಮದ ಮೂಲಕವೇ ಒಳಗಿಳಿದು ನೇರವಾಗಿ ಮಿದುಳನ್ನು ಹಿಡಿಯುವಂಥದು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿನ ಎಣ್ಣೆ ಕಾರ್ಖಾನೆಯಲ್ಲಿ ಕೂಲಿಗಳಿಗೆ ಹುಚ್ಚು ಹಿಡಿದಂತಾಯಿತು. ಕೆಲವರನ್ನು ಕೈಕಾಲು ಆಡಿಸದಂತೆ ಬಿಗಿಯುಡುಪು ತೊಡಿಸಿ ಆಸ್ಪತ್ರೆಗೆ ಒಯ್ದರು. ಐವರು ಸತ್ತರು, ಮೂವತ್ತಕ್ಕೂ ಮಿಕ್ಕವರು ಹಾಸಿಗೆ ಹಿಡಿದರು. ಅದೇ ಪ್ರಾಂತದ ಡೀಪ್‌ವಾಟರ್ ಎಂಬಲ್ಲಿಯ ಕಾರ್ಖಾನೆಯಲ್ಲಿ ಕೆಲಸಗಾರರು ಗಾಳಿಯಲ್ಲಿ ಇಲ್ಲದ ಕೀಟಗಳನ್ನು ಕಂಡು ಹಿಡಿಯಹೋಗುತ್ತಿದ್ದರಂತೆ; ಆದ್ದರಿಂದ ಸೀಸದ ದ್ರವ ತಯಾರಾಗುವ ಕಟ್ಟಡಕ್ಕೆ ‘ಚಿಟ್ಟೆಗಳ ಮನೆ’ ಎಂಬ ಅಡ್ಡಹೆಸರು ಬಿದ್ದಿತು. ಬೇವೇ ದುರಂತದ ಬಳಿಕ ಮಿಡ್ಗ್ಲೆ ಪತ್ರಕರ್ತರನ್ನು ಕರೆಯಿಸಿ, ಅವರ ಮುಂದೆ ಆ ದ್ರವದಿಂದ ಕೈತೊಳೆದು, ಸೀಸೆಯನ್ನು ಮೂಗಿಗೆ ಹಿಡಿದು ಒಂದು ನಿಮಿಷ ಮೂಸಿ ತೋರಿಸಿದ. ಪ್ರತಿದಿನ ಹೀಗೆ ಮಾಡಿದರೂ ಅಪಾಯವಿಲ್ಲವೆಂದು ಹೇಳಿದ. ಹಿಂದಿನ ವರ್ಷವಷ್ಟೇ ತಾನೇ ಸೀಸದ ನಂಜಿಗೆ ಸಿಕ್ಕಿ, ಕೆಲಸ ಬಿಟ್ಟು ಫ್ಲಾರಿಡಾದ ಕಡೆಗೆ ಹೋಗಿ ಸುಧಾರಿಸಿಕೊಂಡು ಬಂದಿದ್ದನೆಂಬ ಮಾತನ್ನು ಮಾತ್ರ ಆಡಲಿಲ್ಲ.

1925ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸರ್ಕಾರ ವಿಚಾರಗೋಷ್ಠಿಯನ್ನು ಕರೆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕಿಯಾದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಅವರು ಈ ಪೆಟ್ರೋಲನ್ನು ವಿರೋಧಿಸಿದರು. ಕಾರ್ಖಾನೆಯೊಳಗಿನ ಅಪಾಯವನ್ನು ಹೇಗೋ ತಡೆಯಬಹುದು, ಬೀದಿಯಲ್ಲೆಲ್ಲ ಹರಡುವ ಸೀಸವನ್ನು ತಡೆಯುವವರು ಯಾರು ಎಂಬುದು ಅವರ ವಾದದ ಸಾರ. ಸರ್ಕಾರದ ತಜ್ಞರ ಸಮಿತಿ ಕೆಲವು ತಿಂಗಳು ಗ್ಯಾರೇಜು ಕೆಲಸಗಾರರನ್ನೂ ಚಾಲಕರನ್ನೂ ಪರೀಕ್ಷಿಸಿ, 1926ರಲ್ಲಿ, ನಿಷೇಧಿಸಲು ತಕ್ಕ ಕಾರಣ ಕಾಣಲಿಲ್ಲವೆಂದಿತು. ಮುಂದೆಯೂ ಪರೀಕ್ಷೆ ನಡೆಯುತ್ತಿರಬೇಕೆಂದೂ ಸೇರಿಸಿತು. ಮುಂದಿನ ಪರೀಕ್ಷೆಯ ಹೊಣೆ ಸರ್ಕಾರದ ಕೈಯಲ್ಲಿ ಉಳಿಯಲಿಲ್ಲ. ಸುಮಾರು ನಲವತ್ತು ವರ್ಷಗಳ ಕಾಲ ಈ ವಿಷಯದಲ್ಲಿ ಪ್ರಮಾಣವೆನಿಸಿದ್ದವರು ಸೀಸದ ಉದ್ಯಮದ ಹಣದಿಂದಲೇ ಸಂಶೋಧನೆ ನಡೆಸುತ್ತಿದ್ದ ಡಾಕ್ಟರ್ ರಾಬರ್ಟ್ ಕೀಹೋ. ಮನುಷ್ಯನ ರಕ್ತದಲ್ಲಿ ಸೀಸವಿರುವುದು ಸಹಜ, ಒಂದು ಮಿತಿ ದಾಟುವವರೆಗೆ ಅದರಿಂದ ಕೇಡಿಲ್ಲ, ಕೇಡಿದೆಯೆನ್ನುವವರು ಸಾಧಿಸಿ ತೋರಿಸಲಿ ಎಂಬುದು ಅವರ ನಿಲುವು. ವ್ಯಾಜ್ಯದಲ್ಲಿ ರುಜುವಾತಿನ ಭಾರವನ್ನು ಯಾರ ತಲೆಗೆ ಹೊರಿಸುತ್ತಾರೆಂಬುದರ ಮೇಲೆಯೇ ಅರ್ಧ ತೀರ್ಪು ನಿಂತಿರುತ್ತದೆಂದು ವಕೀಲರು ಹೇಳುವುದುಂಟು. ಇಲ್ಲಿ ಆ ಭಾರ ಬಿದ್ದದ್ದು ಇನ್ನೂ ಮಾತು ಕಲಿಯದ ಕೂಸುಗಳ ತಲೆಯ ಮೇಲೆ.

ಕೀಹೋ ಅವರ ಮಾತಿನಲ್ಲಿದ್ದ ಬಿರುಕನ್ನು ಮೊದಲು ತೋರಿಸಿದವರು ವೈದ್ಯರಲ್ಲ, ಭೂಮಿಯ ವಯಸ್ಸನ್ನು ಎಣಿಸಹೊರಟ ಒಬ್ಬ ರಸಾಯನಶಾಸ್ತ್ರಜ್ಞರು. ಕ್ಲೇರ್ ಪ್ಯಾಟರ್ಸನ್ ಎಂಬುವರು ಉಲ್ಕಾಶಿಲೆಯಲ್ಲಿನ ಸೀಸವನ್ನು ಅಳೆದು, ಭೂಮಿಗೆ ಸುಮಾರು 455 ಕೋಟಿ ವರ್ಷ ವಯಸ್ಸೆಂದು 1956ರಲ್ಲಿ ಪ್ರಕಟಿಸಿದರು. ಆ ಅಳತೆ ಮಾಡುವಾಗ ಅವರನ್ನು ವರ್ಷಗಟ್ಟಲೆ ಕಾಡಿದ್ದು ಎಲ್ಲಿಂದಲೋ ಬಂದು ಸೇರುತ್ತಿದ್ದ ಹೊರಗಿನ ಸೀಸ. ಮೇಜಿನ ಧೂಳಿನಲ್ಲಿ ಸೀಸ, ನೀರಿನಲ್ಲಿ ಸೀಸ, ಸಹಾಯಕರ ತಲೆಗೂದಲಿನಲ್ಲಿಯೂ ಸೀಸ. ಇಷ್ಟೊಂದು ಎಲ್ಲಿಂದ ಬಂತೆಂದು ಅವರು ಬೆನ್ನು ಹತ್ತಿದರು. ಗ್ರೀನ್‌ಲ್ಯಾಂಡಿನ ಹಿಮವನ್ನು ಆಳದಿಂದ ತೆಗೆದು ನೋಡಿದಾಗ, ಕ್ರಿಸ್ತಪೂರ್ವ 800ರ ಹಿಮಕ್ಕಿಂತ 1960ರ ದಶಕದ ಹಿಮದಲ್ಲಿ ಸೀಸ ಸುಮಾರು 200 ಪಟ್ಟು ಹೆಚ್ಚಾಗಿತ್ತು. ಎಲ್ಲರ ಮೈಯಲ್ಲಿಯೂ ಇದೆಯೆಂದ ಮಾತ್ರಕ್ಕೆ ಅದು ಸಹಜವಲ್ಲ, ಎಲ್ಲರೂ ಒಟ್ಟಿಗೇ ವಿಷವುಂಡಿದ್ದಾರೆಂದಷ್ಟೇ ಅದರ ಅರ್ಥವೆಂದು 1965ರಲ್ಲಿ ಪ್ಯಾಟರ್ಸನ್ ಬರೆದರು. ಅದುವರೆಗೆ ಬರುತ್ತಿದ್ದ ಧನಸಹಾಯ ಕೈತಪ್ಪಿತು. 1971ರಲ್ಲಿ ಗಾಳಿಯ ಸೀಸವನ್ನು ವಿಚಾರಿಸಲು ಕೂಡಿದ ತಜ್ಞರ ಮಂಡಲಿಯಲ್ಲಿ ಈ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅವರಿಗೇ ಸ್ಥಾನವಿರಲಿಲ್ಲ.

ಹಿಮದಲ್ಲಿ ಸೀಸವಿದ್ದರೆ ಇರಲಿ. ಮಗುವಿನ ತಲೆಯಲ್ಲಿ ಅದು ಮಾಡುವುದೇನು? ಉತ್ತರ ಕ್ಯಾಲ್ಸಿಯಂನಲ್ಲಿದೆ. ಎಲುಬಿಗೆ, ಹಲ್ಲಿಗೆ ಬೇಕಾದ ಈ ಸುಣ್ಣದ ಅಂಶ ನರಗಳಿಗೂ ಬೇಕು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವಾಗ ಬಾಗಿಲು ತೆರೆಯುವ ಸನ್ನೆ ಮಾಡುವುದು ಕ್ಯಾಲ್ಸಿಯಂ. ಶರೀರದ ಕಣ್ಣಿಗೆ ಸೀಸವು ಕ್ಯಾಲ್ಸಿಯಂನಂತೆಯೇ ಕಾಣುತ್ತದೆ. ವೇಷ ಹಾಕಿಕೊಂಡ ಕಳ್ಳನಂತೆ ಅದು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ನುಸುಳಿ, ಕ್ಯಾಲ್ಸಿಯಂ ಕೂರಬೇಕಾದ ಎಡೆಯಲ್ಲಿ ತಾನು ಕುಳಿತು ಸುದ್ದಿಯನ್ನು ತಡೆಯುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತನೆಯ ಒಂದು ಪಾಲಿನಷ್ಟು ರಕ್ತಕ್ಕೆ ಸೇರಿದರೆ, ಎಳೆಯ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸೇರಬಹುದು. ಮೊದಲ ಐದಾರು ವರ್ಷಗಳಲ್ಲಿ ಮಿದುಳು ತನ್ನ ತಂತುಗಳ ಬಲೆಯನ್ನು ನೇಯುತ್ತಿರುತ್ತದೆ. ಬೇಕಾದ ಎಳೆಗಳನ್ನು ಉಳಿಸಿ ಬೇಡವಾದುದನ್ನು ಕತ್ತರಿಸುತ್ತಿರುತ್ತದೆ. ಆ ನೇಯ್ಗೆಯ ಹೊತ್ತಿನಲ್ಲಿ ಕೈತಪ್ಪಿದ ಎಳೆಯನ್ನು ಮುಂದೆ ಸೇರಿಸುವುದು ಸುಲಭವಲ್ಲ.

ಮೈಮೇಲೆ ಇದರ ಗುರುತಿಲ್ಲ. ಜ್ವರವಿಲ್ಲ, ನೋವಿಲ್ಲ, ಊಟ ಬಿಡುವುದಿಲ್ಲ. ಮಗು ಹೇಳಿದ ಮಾತನ್ನು ಅರ್ಧಕ್ಕೆ ಮರೆಯುತ್ತದೆ, ಪಾಠದ ನಡುವೆ ಕಿಟಕಿಯಾಚೆ ನೋಡುತ್ತದೆ, ಲೆಕ್ಕವನ್ನು ಕೊನೆ ಮುಟ್ಟಿಸುವುದಿಲ್ಲ. ಮನೆಯವರು ಅದನ್ನು ಗಾಳಿಯ ದೋಷವೆಂದು ಎಂದಾದರೂ ಎಣಿಸಿಯಾರೇ? ದಡ್ಡನೆನ್ನುತ್ತಾರೆ, ಸೋಮಾರಿಯೆನ್ನುತ್ತಾರೆ; ಬೆತ್ತ ಬಲ್ಲ ಮೇಷ್ಟರಾದರೆ ಬೆತ್ತವನ್ನೂ ಎತ್ತಿಯಾರು.

ನೀಡಲ್‌ಮನ್ ಅವರಿಗೆ ಹೊಳೆದ ಉಪಾಯ ಈ ತೊಡಕನ್ನೇ ಬಿಡಿಸುವಂಥದು. ವಿದ್ಯಾರ್ಥಿದೆಸೆಯಲ್ಲಿ ಅವರು ಬೇಸಿಗೆ ರಜೆಯಲ್ಲಿ ಕೂಲಿಗೆಂದು ಹೋದದ್ದು ಅದೇ ಡೀಪ್‌ವಾಟರ್ ಕಾರ್ಖಾನೆಗೆ. ಸೀಸದ ಕೆಲಸದಲ್ಲಿ ಬಳಲಿ, ಬೇರೆಯಾಗಿ ಕುಳಿತು ಶೂನ್ಯದತ್ತ ನೋಡುವ ಹಳೆಯ ಕೂಲಿಗಳನ್ನು ಅಲ್ಲಿ ಕಂಡಿದ್ದರು. ಮುಂದೆ ಮಕ್ಕಳ ವೈದ್ಯರಾದ ಮೇಲೆ ಮಕ್ಕಳ ಸೀಸವನ್ನು ಅಳೆಯಬೇಕೆಂದಾಗ ರಕ್ತಪರೀಕ್ಷೆ ಸಾಲದಾಯಿತು. ರಕ್ತದಲ್ಲಿ ಸೀಸ ನಿಲ್ಲುವುದು ಕೆಲವು ವಾರಗಳಷ್ಟೇ. ಎರಡು ವರ್ಷದಲ್ಲಿ ಉಂಡ ವಿಷದ ಲೆಕ್ಕ ಏಳು ವರ್ಷದ ರಕ್ತದಲ್ಲಿ ಸಿಗದು. ಎಲುಬಿನಲ್ಲಿ ಸಿಕ್ಕೀತು, ಎಲುಬನ್ನು ಕೊಡುವವರಾರು? ಆದರೆ ಪ್ರಕೃತಿ ತಾನೇ ತಾನಾಗಿ ಪ್ರತಿ ಮಗುವಿನಿಂದಲೂ ಎಲುಬಿನಂಥದೇ ಒಂದು ಚೂರನ್ನು ನೋವಿಲ್ಲದೆ ಬಿಡಿಸಿ ಕೊಡುತ್ತದೆ. ಹಾಲುಹಲ್ಲಿನ ಒಳಪದರದಲ್ಲಿ ಹುಟ್ಟಿನಿಂದೀಚೆಗೆ ಸೇರಿದ ಸೀಸವೆಲ್ಲ ಜಮಾ ಆಗಿ ಕುಳಿತಿರುತ್ತದೆ.

ಹಲ್ಲುಗಳ ಸೀಸವನ್ನು ಅಳೆದು, ಅತಿ ಹೆಚ್ಚು ಇದ್ದ 58 ಮಕ್ಕಳನ್ನೂ ಅತಿ ಕಡಮೆ ಇದ್ದ 100 ಮಕ್ಕಳನ್ನೂ ಆರಿಸಿ, ಯಾರು ಯಾವ ಗುಂಪೆಂದು ಪರೀಕ್ಷಕರಿಗೆ ತಿಳಿಸದೆ ಬುದ್ಧಿಪರೀಕ್ಷೆಗಳನ್ನು ಮಾಡಿಸಿದರು. ತಂದೆತಾಯಿಗಳ ಓದು, ಮನೆಯ ಸ್ಥಿತಿಗತಿ ಮೊದಲಾದುವನ್ನೂ ಲೆಕ್ಕಕ್ಕೆ ಹಿಡಿದರು. ಇದಲ್ಲದೆ ಎಲ್ಲ ಮಕ್ಕಳ ಉಪಾಧ್ಯಾಯಿನಿಯರಿಗೂ ಒಂದು ಸಣ್ಣ ಪ್ರಶ್ನಾವಳಿ ಹೋಯಿತು. ಮಗುವಿನ ಗಮನ ಬೇಗ ಚೆದುರುವುದೇ? ಹಗಲುಗನಸು ಕಾಣುವುದೇ? ಸರಳವಾದ ಸೂಚನೆಯನ್ನು ಪಾಲಿಸಬಲ್ಲುದೇ? ಮೊದಲಿಗೇ ಎದೆಗುಂದುವುದೇ? ಹಲ್ಲಿನಲ್ಲಿ ಎಷ್ಟು ಸೀಸವಿತ್ತೆಂಬುದು ಉಪಾಧ್ಯಾಯಿನಿಯರಿಗೆ ತಿಳಿಯದು. ಆದರೂ ಅವರ ಉತ್ತರಗಳನ್ನು ಸೀಸದ ಪ್ರಮಾಣದ ಪಕ್ಕದಲ್ಲಿಟ್ಟು ನೋಡಿದಾಗ, ಮೆಟ್ಟಿಲು ಮೆಟ್ಟಿಲಾಗಿ ಸೀಸ ಏರಿದಂತೆ ದೂರುಗಳೂ ಏರುತ್ತಿದ್ದವು. ಬುದ್ಧ್ಯಂಕದಲ್ಲಿ ಎರಡು ಗುಂಪುಗಳ ನಡುವೆ ನಾಲ್ಕೂವರೆಯಷ್ಟು ಅಂತರವಿತ್ತು. ಇವರಲ್ಲಿ ಯಾರೂ ಸೀಸದ ನಂಜಿನಿಂದ ಹಾಸಿಗೆ ಹಿಡಿದ ರೋಗಿಗಳಲ್ಲ. ಕೀಹೋ ಅವರ ಲೆಕ್ಕದಲ್ಲಿ ಎಲ್ಲರೂ ಆರೋಗ್ಯವಂತರೇ! ಈ ವರದಿ 1979ರಲ್ಲಿ ಬೆಳಕು ಕಂಡಿತು.

ನಾಲ್ಕೈದು ಅಂಕವೇ, ಅದೇನು ಮಹಾ ಎನ್ನಬಹುದು. ಒಬ್ಬ ಹುಡುಗನ ಮಟ್ಟಿಗೆ ಅದೇನೂ ಕಾಣಿಸದು. ನಿದ್ದೆಗೆಟ್ಟ ದಿನ ಅಷ್ಟು ವ್ಯತ್ಯಾಸ ಬಂದೀತು. ಆದರೆ ಒಂದು ಲಕ್ಷ ಮಕ್ಕಳ ಊರನ್ನು ತೆಗೆದುಕೊಳ್ಳಿ. ಬುದ್ಧ್ಯಂಕದ ಸರಾಸರಿ 100 ಎಂದಿದ್ದರೆ, ಗಣಿತದ ನಿಯಮದಂತೆ 70ಕ್ಕಿಂತ ಕೆಳಗೆ, ಎಂದರೆ ವಿಶೇಷ ನೆರವಿಲ್ಲದೆ ಕಲಿಯಲಾರದ ಮಕ್ಕಳು, ಸುಮಾರು 2,300 ಮಂದಿ. 130ರ ಮೇಲೆ, ಎಂದರೆ ಅಸಾಧಾರಣ ಪ್ರತಿಭೆಯವರು, ಅಷ್ಟೇ ಮಂದಿ. ಊರಿಗೆ ಊರೇ ಐದು ಅಂಕ ಕೆಳಕ್ಕೆ ಜಾರಿದರೆ ಮೊದಲನೆಯ ಗುಂಪು 4,800ರಷ್ಟಾಗುತ್ತದೆ, ಎರಡನೆಯದು ಸಾವಿರಕ್ಕೆ ಇಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಮೇಧಾವಿಗಳು ಮಾಯವಾದರೂ ಯಾವ ತಾಯಿಗೂ ತನ್ನ ಮಗುವಿಗೆ ಏನಾಯಿತೆಂದು ತಿಳಿಯುವುದಿಲ್ಲ. ಆ ಮಗು ಮೇಧಾವಿಯಾಗಬಹುದಿತ್ತೆಂಬುದೇ ಅವಳಿಗೆ ಗೊತ್ತಿರಲಿಲ್ಲವಷ್ಟೆ. ಹನ್ನೊಂದು ವರ್ಷಗಳ ಬಳಿಕ ಅದೇ ಮಕ್ಕಳಲ್ಲಿ ಕೆಲವರನ್ನು ಮತ್ತೆ ಹುಡುಕಿ ನೋಡಿದಾಗ, ಹಲ್ಲಿನಲ್ಲಿ ಸೀಸ ಹೆಚ್ಚಾಗಿದ್ದವರು ಶಾಲೆಯನ್ನು ನಡುವೆಯೇ ಬಿಡುವ ಸಂಭವ ಉಳಿದವರಿಗಿಂತ ಏಳುಪಟ್ಟಾಗಿತ್ತು.

ಹಲ್ಲಿನ ಸೀಸವೆಲ್ಲ ಪೆಟ್ರೋಲಿನದೇ ಎನ್ನುವಂತಿಲ್ಲ. ಹಳೆಯ ಮನೆಗಳ ಗೋಡೆಯ ಬಣ್ಣದಿಂದಲೂ ನೀರಿನ ಕೊಳವೆಯಿಂದಲೂ ಬಂದದ್ದುಂಟು. ಹಾಗಾದರೆ ಬೀದಿಯ ಹೊಗೆಯ ಪಾಲೆಷ್ಟು? ಅದನ್ನು ತೋರಿಸಿಕೊಟ್ಟದ್ದು ಒಂದು ಆಕಸ್ಮಿಕ. ಹೊಸ ಮೋಟಾರುಗಳ ಹೊಗೆ ಶುದ್ಧಿಮಾಡುವ ಯಂತ್ರವನ್ನು ಸೀಸ ಕೆಡಿಸುತ್ತಿತ್ತಾದ್ದರಿಂದ 1970ರ ದಶಕದ ನಡುವಿನಿಂದ ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲು ಬೇಕಾಯಿತು. ಯಂತ್ರದ ಮೇಲಿನ ಕರುಣೆಯಿಂದ ಮಕ್ಕಳು ಬದುಕಿಕೊಂಡರೆನ್ನದೆ ವಿಧಿಯಿಲ್ಲ. 1976ರಿಂದ 1980ರವರೆಗೆ ಪೆಟ್ರೋಲಿನಲ್ಲಿ ಬಳಸಿದ ಸೀಸ ಇಳಿಯುತ್ತ ಬಂದಂತೆ ಜನರ ರಕ್ತದ ಸೀಸವೂ ಹೆಜ್ಜೆಗೆ ಹೆಜ್ಜೆ ಹಾಕಿದಂತೆ ನೂರಕ್ಕೆ 37ರಷ್ಟು ಇಳಿಯಿತು. ಎರಡು ಗೆರೆಗಳನ್ನು ಒಂದೇ ಕಾಗದದ ಮೇಲೆ ಎಳೆದರೆ ಅವಳಿಜವಳಿಯಂತೆ ಕಾಣುತ್ತವೆ. ಇಷ್ಟಾದರೂ ನೀಡಲ್‌ಮನ್ ಅವರ ಬೆನ್ನು ಬಿಡಲಿಲ್ಲ. 1991ರಲ್ಲಿ ಅವರ ಮೇಲೆ ಲೆಕ್ಕ ತಿದ್ದಿದ ಆರೋಪ ಬಂತು. ಆರೋಪ ಹೊರಿಸಿದವರು ಸೀಸದ ಉದ್ಯಮದ ಪರವಾಗಿ ಸಲಹೆ ನೀಡಿದ್ದವರು. ವಿಚಾರಣೆ ಗುಟ್ಟಾಗಿ ನಡೆಯಬಾರದೆಂದು ನೀಡಲ್‌ಮನ್ ಹಟ ಹಿಡಿದರು. ಕಡೆಗೆ ಆರೋಪ ನಿಲ್ಲಲಿಲ್ಲ. ಅಮೆರಿಕದ ರಸ್ತೆಗಳಲ್ಲಿ ಓಡುವ ಮೋಟಾರುಗಳಿಗೆ ಸೀಸದ ಪೆಟ್ರೋಲು ಪೂರ್ತಿ ನಿಂತದ್ದು 1996ರಲ್ಲಿ.

ಭಾರತದಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲು 1995ರ ಏಪ್ರಿಲಿನಲ್ಲಿ ಬಂದಿತು, ಅದೂ ಹೊಸ ಕಾರುಗಳಿಗಾಗಿ. ಆಟೋರಿಕ್ಷಾ ಸ್ಕೂಟರುಗಳ ಹೊಗೆಯ ನಡುವೆ ಶಾಲೆಗೆ ನಡೆಯುವ ಮಕ್ಕಳ ರಕ್ತದಲ್ಲಿ ಎಷ್ಟು ಸೀಸವಿದೆಯೆಂದು ಅಲ್ಲಿಯವರೆಗೆ ದೊಡ್ಡ ಪ್ರಮಾಣದಲ್ಲಿ ಯಾರೂ ನೋಡಿರಲಿಲ್ಲ. ಆ ಕೆಲಸ ಬೆಂಗಳೂರಿನಿಂದ ಮೊದಲಾಯಿತೆಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ. ಜಾರ್ಜ್ ಫೌಂಡೇಷನ್ ಎಂಬ ಸಂಸ್ಥೆ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾಕ್ಟರ್ ತುಪ್ಪಿಲ್ ವೆಂಕಟೇಶ್ ಮೊದಲಾದವರ ನೆರವಿನಿಂದ, ಬೆಂಗಳೂರು, ಚೆನ್ನೈ, ಮುಂಬಯಿ, ಕೋಲ್ಕತ್ತ, ದೆಹಲಿ, ಹೈದರಾಬಾದು, ವೆಲ್ಲೂರು ಈ ಏಳು ಊರುಗಳಲ್ಲಿ ಸಾವಿರಾರು ಜನರ ರಕ್ತವನ್ನು ಪರೀಕ್ಷಿಸಿತು. ಒಂದು ಡೆಸಿಲೀಟರ್ ರಕ್ತದಲ್ಲಿ 10 ಮೈಕ್ರೋಗ್ರಾಂ ಸೀಸವೆಂಬುದು ಆಗ ಎಚ್ಚರಿಕೆಯ ಗಡಿ. ಪರೀಕ್ಷೆಗೊಳಗಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆ ಗಡಿಯನ್ನು ದಾಟಿದ್ದರು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಈ ಅಂಕಿಗಳು ಹೊರಬಂದವು. 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಸೀಸದ ಪೆಟ್ರೋಲು ನಿಂತಿತು. ಮುಂಬಯಿಯಲ್ಲಿ ಮೊದಲು ನೂರಕ್ಕೆ ಅರವತ್ತಕ್ಕೂ ಮಿಕ್ಕು ಮಕ್ಕಳು ಗಡಿ ದಾಟಿದ್ದರು. ಸೀಸ ನಿಂತ ಕೆಲವೇ ವರ್ಷಗಳಲ್ಲಿ ಅಲ್ಲಿ ನಡೆದ ಪರೀಕ್ಷೆಯಲ್ಲಿ ಆ ಸಂಖ್ಯೆ ಮೂರನೆಯ ಒಂದು ಪಾಲಿಗೆ ಇಳಿದಿತ್ತು. ಪ್ರಪಂಚದಲ್ಲಿ ಕಟ್ಟಕಡೆಗೆ ಈ ಪೆಟ್ರೋಲನ್ನು ಬಿಟ್ಟದ್ದು ಅಲ್ಜೀರಿಯ, 2021ರ ಜುಲೈನಲ್ಲಿ. ಸಣ್ಣ ಪಿಸ್ಟನ್ ವಿಮಾನಗಳ ಇಂಧನದಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.

ಹಾಗೆಂದು ನೆಮ್ಮದಿಯಾಗಿರುವಂತಿಲ್ಲ. ಹಳೆಯ ಬ್ಯಾಟರಿಗಳನ್ನು ಬಯಲಿನಲ್ಲಿ ಕರಗಿಸುವ ಕುಲುಮೆಗಳು, ಬಣ್ಣಗಳು, ಕೆಲವೆಡೆ ಅರಿಸಿನಕ್ಕೆ ಹೊಳಪು ಬರಲೆಂದು ಬೆರೆಸುವ ಸೀಸದ ಹಳದಿ, ಇವುಗಳಿಂದಾಗಿ ಭಾರತದ 27 ಕೋಟಿ 50 ಲಕ್ಷ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂಗೂ ಹೆಚ್ಚು ಸೀಸವಿದೆಯೆಂದು ಯುನಿಸೆಫ್ ಪಾಲುಗೊಂಡ 2020ರ ವರದಿಯೊಂದು ಅಂದಾಜು ಮಾಡಿತು.

ಸೀಸ ಹೋದ ಹೊಗೆಯೂ ನಿರಪಾಯವಲ್ಲ. ಡೀಸೆಲ್, ಕಲ್ಲಿದ್ದಲು, ಸೌದೆ, ಕಸ, ಯಾವುದನ್ನು ಸುಟ್ಟರೂ ಕೂದಲೆಳೆಯ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತ ಸಣ್ಣದಾದ ಕಣಗಳು ಗಾಳಿಗೆ ಸೇರುತ್ತವೆ. ಇವು ಎದೆಗೂಡಿಗೆ ಮಾತ್ರ ಕೇಡೆಂದು ಬಹುಕಾಲ ನಂಬಲಾಗಿತ್ತು. 2016ರಲ್ಲಿ ಬಾರ್ಬರಾ ಮಾಹೆರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು, ಮೆಕ್ಸಿಕೊ ನಗರ ಮತ್ತು ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡ 37 ಜನರ ಮಿದುಳಿನಲ್ಲಿ ಕಬ್ಬಿಣದ ಅಯಸ್ಕಾಂತಕಣಗಳನ್ನು ಕಂಡರು. ಬೆಂಕಿಯ ಉರಿಯಲ್ಲಿ ಕರಗಿ ಗುಂಡಾದ ಆ ಕಣಗಳು ದೇಹದಲ್ಲಿ ಹುಟ್ಟಿದವಲ್ಲ, ಬಹುಶಃ ಮೂಗಿನ ನರದ ದಾರಿಯಾಗಿ ಹೊಕ್ಕವು. ಜರ್ಮನಿಯಲ್ಲಿ 2017ರಿಂದ 2019ರವರೆಗೆ ನಡೆದ ಚದುರಂಗದ ಪಂದ್ಯಗಳಲ್ಲಿ ಕೊಠಡಿಯ ಗಾಳಿಯನ್ನು ಅಳೆದು, ಮೂವತ್ತು ಸಾವಿರಕ್ಕೂ ಮಿಕ್ಕ ನಡೆಗಳನ್ನು ಕಂಪ್ಯೂಟರಿನಿಂದ ತೂಗಿಸಿದ್ದುಂಟು. ಸೂಕ್ಷ್ಮಕಣಗಳು ಘನಮೀಟರಿಗೆ 10 ಮೈಕ್ರೋಗ್ರಾಂ ಏರಿದಾಗ ತಪ್ಪುನಡೆಯ ಸಂಭವ ನೂರಕ್ಕೆ ಎರಡರಷ್ಟು ಏರಿತು. ಗಡಿಯಾರದ ಒತ್ತಡವಿದ್ದಾಗ ಇನ್ನೂ ಕೆಟ್ಟಿತು. ಮುಪ್ಪಿನ ಮರೆವಿನ ರೋಗಕ್ಕೆ ಕಾರಣವಾಗುವ, ತಡೆಯಬಹುದಾದ ಸಂಗತಿಗಳ ಪಟ್ಟಿಗೆ ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗ ವಾಯುಮಾಲಿನ್ಯವನ್ನು 2020ರಲ್ಲಿ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಿಧಿಸಿದ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ. ಭಾರತವು 2009ರಲ್ಲಿ ಗೊತ್ತುಮಾಡಿದ್ದು 40. ಈ ಕಣಗಳ ವಿಷಯದಲ್ಲಿಯೂ ಇನ್ನಷ್ಟು ರುಜುವಾತು ಬೇಕೆನ್ನುವವರಿದ್ದಾರೆ. ಸೀಸದ ಕಥೆ ಬಲ್ಲವರಿಗೆ ಆ ಮಾತು ಹೊಸದೆನಿಸದು.

ಗಾಳಿಯನ್ನು ಒಂದು ಸಂಸಾರ ತೊಳೆಯಲಾರದು. ಅದು ಸರ್ಕಾರದಿಂದಾಗಬೇಕಾದ ಕೆಲಸ. ಮನೆಯ ಮಟ್ಟಿಗೆ ಆಗುವಂಥವು ಕೆಲವುಂಟು. ಒಣಗಿದ ಎಲೆ, ಪ್ಲಾಸ್ಟಿಕ್ ಕಸವನ್ನು ಬೀದಿಯಂಚಿನಲ್ಲಿ ಸುಡದಿರುವುದು ಒಂದು. ಗಾಡಿಗಳ ಹೊಗೆಕೊಳವೆ ಇರುವುದು ಮಗುವಿನ ಮುಖದ ಎತ್ತರದಲ್ಲಿಯೇ ಆದ್ದರಿಂದ, ಶಾಲೆಗೆ ನಡೆಸಿಕೊಂಡು ಹೋಗುವಾಗ ದೊಡ್ಡ ರಸ್ತೆಯನ್ನು ಬಿಟ್ಟು ಅಡ್ಡಬೀದಿಯನ್ನು ಹಿಡಿಯಬಹುದು. ಕ್ಯಾಲ್ಸಿಯಂ, ಕಬ್ಬಿಣ ಕೊರತೆಯಾದ ಮೈ ಸೀಸವನ್ನು ಹೆಚ್ಚಾಗಿ ಹೀರುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲ್ಪಟ್ಟು ಕ್ಯಾಲ್ಸಿಯಂ ಇರುವುದರಿಂದ, ಮುದ್ದೆಯನ್ನೋ ಅಂಬಲಿಯನ್ನೋ ಹಳ್ಳಿಯ ಊಟವೆಂದು ಮೂಗು ಮುರಿಯುವವರು ಮತ್ತೊಮ್ಮೆ ಯೋಚಿಸಬಹುದು. ಅದು ಔಷಧವಲ್ಲ, ಅಷ್ಟಿಷ್ಟು ಅಡ್ಡಗೋಡೆ. ಅರಿಸಿನವನ್ನು ಕೊಂಬು ತಂದು ಮನೆಯಲ್ಲಿ ಪುಡಿಮಾಡಿಸಿದರೆ ಪುಡಿಯಲ್ಲಿ ಬಣ್ಣ ಬೆರೆಸುವವರ ಕೈ ತಪ್ಪುತ್ತದೆ; ಕೊಂಬೂ ಅತಿಯಾಗಿ ಹೊಳೆಯುತ್ತಿದ್ದರೆ ಬೇಡ. ಇನ್ನು ಧೂಳು. ಸೀಸ ಕೊಳೆಯುವ ವಸ್ತುವಲ್ಲ. 2000ಕ್ಕೆ ಮೊದಲು ಹೊಗೆಯಿಂದ ಉದುರಿದ್ದು ಹಳೆಯ ರಸ್ತೆಗಳ ಪಕ್ಕದ ಮಣ್ಣಿನಲ್ಲಿ ಇನ್ನೂ ಇದೆ, ಚಪ್ಪಲಿಗಂಟಿ ಒಳಗೆ ಬರುತ್ತದೆ. ಚಪ್ಪಲಿಯನ್ನು ಹೊಸ್ತಿಲಾಚೆಗೇ ಬಿಡುವ ಹಳೆಯ ಪದ್ಧತಿ ಇದಕ್ಕೂ ಒಳ್ಳೆಯದೇ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಒಣ ಪೊರಕೆ ಧೂಳನ್ನು ಎಬ್ಬಿಸುತ್ತದೆ. ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಆ ನೀರನ್ನು ಹೂಕುಂಡಕ್ಕೆ ಸುರಿಯದೆ ಬಚ್ಚಲಿಗೆ ಚೆಲ್ಲಬೇಕು.